ಮನೆಯ ಪೀಠದ ಮುಂದೆ ಹತ್ತು ನಿಮಿಷ



ವರ್ಷಕ್ಕೊಮ್ಮೆ ಧರ್ಮಕೇಂದ್ರದ ಮನೆಮನೆಗೂ ಭೇಟಿಯಿತ್ತು ಆಶೀರ್ವದಿಸುವುದು ಗುರುವಿನ ಕರ್ತವ್ಯಗಳಲ್ಲೊಂದು. ಅಂಥ ಒಂದು ಭೇಟಿಯಲ್ಲಿ ನಡೆದ ಚಿಕ್ಕ ಪ್ರಸಂಗವಿದು. ಸಂಜೆ ಏಳು ಗಂಟೆಯ ಸಮಯ. ನಾನು ಹೊಸ್ತಿಲು ದಾಟುತ್ತಿದ್ದಂತೆಯೇ ಟೀವಿಯ ಸದ್ದು ನಿಂತಿತು; ಪೀಠದ ಮೇಲಿದ್ದ ಯೇಸುವಿನ ಪವಿತ್ರ ಹೃದಯದ ಚಿತ್ರದ ಮುಂದೆ ಮೇಣದಬತ್ತಿ ಬೆಳಗಿತು; ಮನೆಮಂದಿಯೆಲ್ಲ ಮೊಣಕಾಲೂರಿದರು. ಆರು ವರ್ಷದ ಬಾಲಕನೊಬ್ಬ ಮಾತ್ರ ನಿಂತಲ್ಲೇ ನಿಂತು, "ಅಮ್ಮಾ, ಇವತ್ತು ಯಾಕೆ ಎಲ್ಲರೂ ಮೊಣಕಾಲೂರಿದ್ದು?" ಎಂದು ಕೇಳಿದ. ತಾಯಿ ತಲೆ ತಗ್ಗಿಸಿದರು. ತಂದೆ ಮೆಲ್ಲನೆ, "ಫಾದರ್ ಬಂದಿದ್ದಾರಲ್ಲ, ಅದಕ್ಕೆ" ಎಂದರು.

ಆ ಮಗುವಿನ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಕಾಣದ್ದನ್ನು ಕಂಡಾಗ ಮಗು ಕೇಳಿಯೇ ಕೇಳುತ್ತದೆ. ಚಿಂತೆಗೀಡುಮಾಡುವುದು ನಾವು ಕೊಟ್ಟ ಉತ್ತರ. ಅತಿಥಿಗಳು ಬಂದಾಗ ಮಾತ್ರ ಕಪಾಟಿನಿಂದ ಹೊರಬರುವ ಪಿಂಗಾಣಿ ಬಟ್ಟಲಿನಂತೆ ಪ್ರಾರ್ಥನೆಯೂ ಒಂದು ಎಂದು ಆ ಮಗು ಅಂದು ಕಲಿಯಿತು. ಆ ಮನೆಯವರನ್ನು ದೂರುವುದು ನನ್ನ ಉದ್ದೇಶವಲ್ಲ. ಅವರು ಭಾನುವಾರದ ಬಲಿಪೂಜೆಯನ್ನು ತಪ್ಪಿಸುವವರಲ್ಲ. ಮಗನನ್ನು ಧರ್ಮೋಪದೇಶದ ತರಗತಿಗೆ ಕ್ರಮವಾಗಿ ಕಳುಹಿಸುವವರು. ಅಂಥ ಸಜ್ಜನರ ಮನೆಯಲ್ಲೇ ಈ ಪ್ರಶ್ನೆ ಹುಟ್ಟಿತೆಂಬುದು ನಾವೆಲ್ಲರೂ ಯೋಚಿಸಬೇಕಾದ ವಿಷಯ.

ಮಕ್ಕಳ ಇಂಥ ಪ್ರಶ್ನೆಯನ್ನು ಪವಿತ್ರ ಗ್ರಂಥವು ಬಹು ಹಿಂದೆಯೇ ನಿರೀಕ್ಷಿಸಿದೆ. ಇಸ್ರಯೇಲ್ ಜನಾಂಗವು ಈಜಿಪ್ಟಿನ ದಾಸ್ಯದಿಂದ ಹೊರಟ ರಾತ್ರಿಯ ವೃತ್ತಾಂತ ವಿಮೋಚನಕಾಂಡದ 12ನೆಯ ಅಧ್ಯಾಯದಲ್ಲಿದೆ. ಪಾಸ್ಖದ ಆಚರಣೆಯನ್ನು ವಿಧಿಸುವಾಗಲೇ ಮೋಶೆಯು ಹಿರಿಯರಿಗೆ ಒಂದು ಮಾತು ಹೇಳುತ್ತಾನೆ: ಮುಂದೆ ನಿಮ್ಮ ಮಕ್ಕಳು ಈ ಆಚರಣೆಯ ಅರ್ಥವೇನೆಂದು ಕೇಳುವರು, ಆಗ ದೇವರು ನಮ್ಮನ್ನು ಕಾಪಾಡಿದ ಸಂಗತಿಯನ್ನು ಅವರಿಗೆ ತಿಳಿಸಬೇಕು ಎಂದು. ಇಂದಿಗೂ ಯೆಹೂದ್ಯರ ಮನೆಗಳಲ್ಲಿ ಪಾಸ್ಖದ ಭೋಜನದ ರಾತ್ರಿ, ಈ ರಾತ್ರಿ ಮಿಕ್ಕ ರಾತ್ರಿಗಳಿಗಿಂತ ಬೇರೆಯೇಕೆಂದು ಕೇಳುವ ಸರದಿ ಮನೆಯ ಅತಿ ಕಿರಿಯ ಮಗುವಿನದು. ಉತ್ತರಿಸುವ ಹೊಣೆ ಹಿರಿಯರದು. ಹೀಗೆ ಮಗುವಿನ ಪ್ರಶ್ನೆ ಆರಾಧನೆಗೆ ಅಡ್ಡಿಯಾಗದೆ ಅದರ ಒಂದು ಅಂಗವೇ ಆಗಿದೆ. ಆದರೆ ಮನೆಯಲ್ಲಿ ಆಚರಣೆಯೇ ಇಲ್ಲದಿದ್ದರೆ ಮಗು ಯಾವುದನ್ನು ಕುರಿತು ಕೇಳೀತು?

ನಮ್ಮ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಇಂಥ ಆಚರಣೆಗೆ ಕೊರತೆಯಿರಲಿಲ್ಲ. ದೇವಾಲಯದ ಸಂಜೆಯ ಗಂಟೆ ಕೇಳಿದೊಡನೆ ಗದ್ದೆಯಲ್ಲಿದ್ದವರೂ ಅಂಗಳದಲ್ಲಿದ್ದವರೂ ಒಂದು ಕ್ಷಣ ನಿಲ್ಲುತ್ತಿದ್ದರು. ಬಳಿಕ ಜಪಸರ; ಕೊಂಕಣಿ ಮನೆಗಳ ಮಾತಿನಲ್ಲಿ 'ತೇರ್ಸ್'. ಅದು ಮುಗಿದಾಗ ಮಕ್ಕಳು ಅಜ್ಜ-ಅಜ್ಜಿಯರಿಂದ ಮೊದಲ್ಗೊಂಡು ಹಿರಿಯರೆಲ್ಲರ ಬಳಿಗೆ ಹೋಗಿ ಕೈಜೋಡಿಸಿ 'ಬೆಸಾಂವ್' ಬೇಡುತ್ತಿದ್ದರು. ಆ ಕಾಲದಲ್ಲಿ ಎಲ್ಲವೂ ಸರಿಯಿತ್ತೆಂದು ನಾನು ಹೇಳಲಾರೆ. ಮಕ್ಕಳು ತೂಕಡಿಸುತ್ತಿದ್ದರು; ಹಿರಿಯರು ಗದರುತ್ತಿದ್ದರು; ಎಷ್ಟೋ ಮನೆಗಳಲ್ಲಿ ಬೈಬಲ್ ಇರಲಿಲ್ಲ, ಇದ್ದರೂ ತೆರೆಯುತ್ತಿರಲಿಲ್ಲ. ಆದರೂ 'ಇವತ್ತು ಯಾಕೆ?' ಎಂದು ಯಾವ ಮಗುವೂ ಕೇಳುವ ಪ್ರಮೇಯ ಬರುತ್ತಿರಲಿಲ್ಲ.

ವಿದ್ಯಾವಂತ ಯುವ ದಂಪತಿಗಳು ಇಲ್ಲಿ ಒಂದು ಆಕ್ಷೇಪವನ್ನೆತ್ತುತ್ತಾರೆ. ದಿನವೂ ಅದೇ ಹೊತ್ತಿಗೆ ಅದೇ ಮಾತುಗಳನ್ನು ಹೇಳುವುದು ಯಾಂತ್ರಿಕವಲ್ಲವೇ? ಮನಸ್ಸು ತಾನಾಗಿ ಬಯಸಿದಾಗ ಮಾಡಿದ ಪ್ರಾರ್ಥನೆಯೇ ನಿಜವಾದದ್ದಲ್ಲವೇ? ಮಗು ಬೆಳೆದ ಮೇಲೆ ತಾನೇ ಆರಿಸಿಕೊಳ್ಳಲಿ ಎಂದು ಬಿಡಬಾರದೇ?

ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಅದರಲ್ಲಿ ಒಂದು ತಪ್ಪು ಗ್ರಹಿಕೆಯಿದೆ. ವೀಣೆ ನುಡಿಸಬೇಕೆಂಬ ಬಯಕೆ ಹುಟ್ಟಿದ ದಿನವೇ ಯಾರೂ ವೈಣಿಕರಾಗುವುದಿಲ್ಲ. ನುಡಿಸಿ ನುಡಿಸಿಯೇ ವಾದಕನಾಗುತ್ತಾನೆ, ನ್ಯಾಯದ ಕಾರ್ಯಗಳನ್ನು ಮಾಡಿ ಮಾಡಿಯೇ ನ್ಯಾಯವಂತನಾಗುತ್ತಾನೆ ಎಂಬುದು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನ ವಿಚಾರ. 13ನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಇದನ್ನೇ ಕ್ರೈಸ್ತ ಚಿಂತನೆಯೊಳಕ್ಕೆ ತಂದರು. ಒಳ್ಳೆಯದನ್ನು ಸುಲಭವಾಗಿಯೂ ಸಂತೋಷದಿಂದಲೂ ಮಾಡಬಲ್ಲ ಶಕ್ತಿಯೇ ಅವರ ದೃಷ್ಟಿಯಲ್ಲಿ ಸದಭ್ಯಾಸ. ನದಿಗೆ ಪಾತ್ರವಿದ್ದಂತೆ ಭಕ್ತಿಗೆ ಅಭ್ಯಾಸ. ಪಾತ್ರವೇ ನೀರಲ್ಲ, ನಿಜ. ಆದರೆ ಪಾತ್ರವಿಲ್ಲದ ನೀರು ಮಳೆ ನಿಂತ ಮರುದಿನ ಇಂಗಿಹೋಗುತ್ತದೆ. ಇನ್ನು ಆಯ್ಕೆಯ ಮಾತು: ಮಗು ತನ್ನ ಭಾಷೆಯನ್ನು ತಾನೇ ಆರಿಸಿಕೊಳ್ಳಲೆಂದು ಯಾವ ತಾಯಿಯೂ ಮೌನವಾಗಿ ಕಾಯುವುದಿಲ್ಲ. ತಾನಾಡುವ ಮಾತನ್ನೇ ಕಲಿಸುತ್ತಾಳೆ. ಬೆಳೆದ ಮಗ ಬೇರೆ ಭಾಷೆಗಳನ್ನು ಕಲಿಯಬಲ್ಲ. ಆದರೆ ಏನನ್ನೂ ಕೇಳದೆ ಬೆಳೆದವನು ಮೂಕನಾದಾನು.

ಪ್ರಭು ಯೇಸುವಿನ ಬದುಕನ್ನೇ ನೋಡೋಣ. ನಜರೇತಿಗೆ ಬಂದ ಯೇಸು ಸಬ್ಬತ್ ದಿನ ತಮ್ಮ ವಾಡಿಕೆಯಂತೆ ಪ್ರಾರ್ಥನಾಮಂದಿರಕ್ಕೆ ಹೋದರೆಂದು ಸಂತ ಲೂಕನು ತನ್ನ ಶುಭಸಂದೇಶದ 4ನೆಯ ಅಧ್ಯಾಯದಲ್ಲಿ ಬರೆಯುತ್ತಾನೆ. ದೇವಪುತ್ರರಿಗೂ ಒಂದು ವಾಡಿಕೆಯಿತ್ತು. ಅದು ಮೊಳೆತದ್ದು ವರ್ಷವರ್ಷವೂ ಪಾಸ್ಖದ ಹಬ್ಬಕ್ಕೆ ತಪ್ಪದೆ ಜೆರುಸಲೇಮಿಗೆ ಯಾತ್ರೆ ಹೋಗುತ್ತಿದ್ದ ಜೋಸೆಫ್ ಮತ್ತು ಮರಿಯಳ ಮನೆಯಲ್ಲಿ. ಶಿಲುಬೆಯ ಮೇಲೆ, ಉಸಿರೇ ಭಾರವಾದ ಹೊತ್ತಿನಲ್ಲಿ, ಯೇಸುವಿನ ತುಟಿಗೆ ಬಂದದ್ದು 22ನೆಯ ಮತ್ತು 31ನೆಯ ಕೀರ್ತನೆಗಳ ಮಾತುಗಳು. ಸಂಕಟದ ಹೊತ್ತಿನಲ್ಲಿ ಮನುಷ್ಯ ಹೊಸ ಪ್ರಾರ್ಥನೆಯನ್ನು ರಚಿಸಲಾರ. ಮೊದಲೇ ಕೂಡಿಟ್ಟದ್ದನ್ನು ಹೊರತೆಗೆಯುತ್ತಾನೆ. ನಮ್ಮ ಮಕ್ಕಳು ಮುಂದೊಂದು ದಿನ ದೂರದ ಊರಿನ ಆಸ್ಪತ್ರೆಯ ಹಾಸಿಗೆಯಲ್ಲೋ, ಕೆಲಸ ಕಳೆದುಕೊಂಡ ರಾತ್ರಿಯಲ್ಲೋ ಒಬ್ಬರೇ ಇರುವಾಗ ಹೊರತೆಗೆಯಲು ಅವರ ಬಳಿ ಏನಿರುವುದು? ಇದು ಪ್ರತಿಯೊಬ್ಬ ತಂದೆ-ತಾಯಿ ಕೇಳಿಕೊಳ್ಳಬೇಕಾದ ಪ್ರಶ್ನೆ.

ಮನೆಯ ಅಭ್ಯಾಸಕ್ಕಿರುವ ಬಲಕ್ಕೆ ಜಪಾನಿನ ಧರ್ಮಸಭೆಯ ಇತಿಹಾಸವೇ ಸಾಕ್ಷಿ. 1614ರಲ್ಲಿ ಅಲ್ಲಿಯ ಆಡಳಿತ ಕ್ರೈಸ್ತ ಧರ್ಮವನ್ನು ದೇಶದಾದ್ಯಂತ ನಿಷೇಧಿಸಿತು. ಗುರುಗಳು ಹತರಾದರು ಇಲ್ಲವೆ ಗಡಿಪಾರಾದರು. ಎರಡು ಶತಮಾನಗಳಿಗೂ ಮಿಕ್ಕಿ ಅಲ್ಲಿ ಬಲಿಪೂಜೆಯಿಲ್ಲ, ಗುರುಗಳಿಲ್ಲ, ದೇವಾಲಯಗಳಿಲ್ಲ. 1865ರ ಮಾರ್ಚ್ 17ರಂದು, ನಾಗಸಾಕಿಯಲ್ಲಿ ಆಗತಾನೇ ಕಟ್ಟಿದ್ದ ದೇವಾಲಯಕ್ಕೆ ಉರಾಕಾಮಿ ಎಂಬ ಹಳ್ಳಿಯ ಕೆಲವರು ಬಂದು, ಫ್ರೆಂಚ್ ಗುರು ಬರ್ನಾರ್ಡ್ ಪೆಟಿಜಾನರಿಗೆ ತಾವೂ ಅದೇ ವಿಶ್ವಾಸದವರೆಂದು ಗುಟ್ಟಾಗಿ ತಿಳಿಸಿ, ಮಾತೆ ಮರಿಯಳ ಪ್ರತಿಮೆ ಎಲ್ಲಿದೆಯೆಂದು ವಿಚಾರಿಸಿದರು. ಅಷ್ಟು ತಲೆಮಾರುಗಳ ಕಾಲ ದೀಕ್ಷಾಸ್ನಾನವನ್ನೂ ಪ್ರಾರ್ಥನೆಗಳನ್ನೂ ಹಬ್ಬ-ಉಪವಾಸಗಳ ಲೆಕ್ಕವನ್ನೂ ಕಾಪಾಡಿಕೊಂಡು ಬಂದವರು ಸಾಮಾನ್ಯ ರೈತರು ಮತ್ತು ಬೆಸ್ತರು. ಅವರಿಗೆ ಮನೆಯೇ ಧರ್ಮಸಭೆಯಾಗಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಪ್ರಕಟಿಸಿದ ಧರ್ಮಸಭೆಯನ್ನು ಕುರಿತ ಸಂವಿಧಾನವು ಕುಟುಂಬವನ್ನು ಗೃಹ ಧರ್ಮಸಭೆಯೆಂದೂ, ಹೆತ್ತವರನ್ನು ಮಕ್ಕಳಿಗೆ ವಿಶ್ವಾಸವನ್ನು ಸಾರುವ ಮೊದಲಿಗರೆಂದೂ ಕರೆದಿರುವುದು ಬರಿಯ ಅಲಂಕಾರದ ಮಾತಲ್ಲ.

ನಮಗೂ ಒಂದು ಪರೀಕ್ಷೆ ಬಂದಿತ್ತು. 2020ರ ಏಪ್ರಿಲ್ 12ರ ಪುನರುತ್ಥಾನ ಹಬ್ಬದಂದು ಕೋವಿಡ್ ನಿಮಿತ್ತ ನಮ್ಮ ದೇವಾಲಯಗಳ ಬಾಗಿಲು ಮುಚ್ಚಿತ್ತು. ಕೂಡಿ ಪ್ರಾರ್ಥಿಸುವ ರೂಢಿಯಿದ್ದ ಮನೆಗಳು ಆ ದಿನಗಳನ್ನು ಧೈರ್ಯದಿಂದ ಕಳೆದವು. ಇಲ್ಲದ ಮನೆಗಳಲ್ಲಿ ಮೊಬೈಲಿನ ಪರದೆಯ ಮೇಲಿನ ಬಲಿಪೂಜೆ ಮುಗಿದೊಡನೆ ಮೌನ ಕವಿಯಿತು. ದೇವಾಲಯದ ಬಾಗಿಲು ಮತ್ತೆ ತೆರೆಯಿತು. ಆದರೆ ಆ ಪರೀಕ್ಷೆಯ ಪಾಠವನ್ನು ನಾವು ಮರೆಯತೊಡಗಿದ್ದೇವೆ.

ಹಾಗಾದರೆ ಎಲ್ಲಿಂದ ಆರಂಭಿಸಬೇಕು? ದೊಡ್ಡ ಸಂಕಲ್ಪಗಳಿಂದ ಬೇಡ. ಸೋಮವಾರ ಐವತ್ತಮೂರು ಮಣಿಗಳ ಜಪಸರವನ್ನು ಆರಂಭಿಸಿ ಗುರುವಾರ ಕೈಬಿಡುವುದಕ್ಕಿಂತ ದಿನಕ್ಕೆ ಹತ್ತು ನಿಮಿಷ ಲೇಸು. ಮನೆಯಲ್ಲಿ ಒಂದು ಸ್ಥಳ, ದಿನದಲ್ಲಿ ಒಂದು ಹೊತ್ತು ನಿಶ್ಚಯವಾಗಲಿ. ಊಟಕ್ಕೆ ಮುಂಚಿನ ಸಮಯ ಒಳ್ಳೆಯದು. ಊಟವಾದ ಮೇಲೆ ಮಕ್ಕಳ ಕಣ್ಣು ಎಳೆಯುತ್ತದೆ. ಮೊಬೈಲುಗಳೆಲ್ಲ, ಅಪ್ಪನದೂ ಸೇರಿ, ಬೇರೊಂದು ಕೋಣೆಯಲ್ಲಿರಲಿ. ಶಿಲುಬೆಯ ಗುರುತು, ಶುಭಸಂದೇಶದ ಹತ್ತು ವಚನ, ಒಂದು ನಿಮಿಷದ ಮೌನ, ಒಬ್ಬೊಬ್ಬರದೂ ಒಂದು ಕೃತಜ್ಞತೆ ಅಥವಾ ಬೇಡಿಕೆ, ಜಪಸರದ ಹತ್ತು ಮಣಿ, ಕೊನೆಗೆ ಹಿರಿಯರ ಆಶೀರ್ವಾದ: ಇಷ್ಟು ಸಾಕು. ರೂಢಿ ಗಟ್ಟಿಯಾದ ಮೇಲೆ ಅಕ್ಟೋಬರ್ ತಿಂಗಳಲ್ಲಿ ಪೂರ್ಣ ಜಪಸರಕ್ಕೆ ಮಕ್ಕಳೇ ಸಿದ್ಧರಾಗುತ್ತಾರೆ.

ಬೈಬಲ್ ವಾಚನವನ್ನು ಮೊದಲ ಪುಟದಿಂದ ಆರಂಭಿಸಿದವರು ಸಾಮಾನ್ಯವಾಗಿ ಯಾಜಕಕಾಂಡದ ನಿಯಮಗಳ ನಡುವೆ ನಿಂತುಬಿಡುತ್ತಾರೆ. ಸಂತ ಮಾರ್ಕನ ಶುಭಸಂದೇಶ ನಾಲ್ಕರಲ್ಲಿ ಅತಿ ಚಿಕ್ಕದು. 16 ಅಧ್ಯಾಯಗಳು ಮಾತ್ರ. ದಿನಕ್ಕೆ ಹತ್ತು ವಚನದಂತೆ ಓದಿದರೆ ಸುಮಾರು ಹತ್ತು ವಾರಗಳಲ್ಲಿ ಮುಗಿಯುತ್ತದೆ. ತೀರ ಚಿಕ್ಕ ಮಕ್ಕಳಿಗೆ ಮರ ಹತ್ತಿದ ಜಕ್ಕಾಯ, ಐದು ರೊಟ್ಟಿಗಳನ್ನು ತಂದ ಹುಡುಗ, ಕಳೆದುಹೋದ ಕುರಿ ಮುಂತಾದ ಪ್ರಸಂಗಗಳನ್ನು ಕಥೆಯಾಗಿ ಹೇಳಬಹುದು. ಓದಬಲ್ಲ ಮಗುವೇ ಓದಲಿ, ಹಿರಿಯರು ಕೇಳಲಿ. ಇಂಗ್ಲಿಷ್ ಮಾಧ್ಯಮದ ಮಗು ಕನ್ನಡವನ್ನೋ ಕೊಂಕಣಿಯನ್ನೋ ತಡವರಿಸಿ ಓದಿದರೆ ನಗಬೇಡಿ. ಅಜ್ಜಿ ತಿದ್ದಿದರೆ ಎರಡು ಪಾಠ ಒಟ್ಟಿಗೆ ನಡೆಯುತ್ತವೆ. ಓದಾದ ಮೇಲೆ 'ಏನು ಕಲಿತೆ?' ಎಂದು ಪರೀಕ್ಷೆ ನಡೆಸುವುದೂ ಬೇಡ. 'ಇದರಲ್ಲಿ ನಿನಗೆ ಯಾರು ಇಷ್ಟ?' ಎಂದು ಕೇಳಿದರೆ ಮಗು ತಾನಾಗಿ ಮಾತನಾಡುತ್ತದೆ. ತಪ್ಪು ಮಾಡಿದ ಮಗುವಿಗೆ ಪ್ರಾರ್ಥನೆಯನ್ನು ಶಿಕ್ಷೆಯಾಗಿ ವಿಧಿಸುವುದಂತೂ ಖಂಡಿತ ಸಲ್ಲದು. ದಂಡವೆಂದು ಕಲಿತದ್ದನ್ನು ಯಾರೂ ಪ್ರೀತಿಸುವುದಿಲ್ಲ.

ತಂದೆ ಕೊಲ್ಲಿ ರಾಷ್ಟ್ರದಲ್ಲಿ ದುಡಿಯುತ್ತಿರುವ ಮನೆಗಳು ನಮ್ಮಲ್ಲಿ ಬಹಳ. ಇಲ್ಲಿ ರಾತ್ರಿ ಎಂಟಾದಾಗ ದುಬೈಯಲ್ಲಿ ಸಂಜೆ ಆರೂವರೆ, ಕುವೈತಿನಲ್ಲಿ ಐದೂವರೆ. ದಿನವೂ ಆಗದಿದ್ದರೆ ಅವರ ವಾರದ ರಜೆಯ ದಿನವಾದರೂ ಫೋನಿನಲ್ಲಿ ಮನೆಯ ಪ್ರಾರ್ಥನೆಗೆ ಕೂಡಿಕೊಳ್ಳಲಿ. ಕೊನೆಯ ಆಶೀರ್ವಾದ ಅಪ್ಪನ ಬಾಯಿಂದಲೇ ಬರಲಿ. ತಿಂಗಳ ಹಣ ಮಾತ್ರವಲ್ಲ, ವಿಶ್ವಾಸವೂ ಅಪ್ಪನಿಂದ ಬರುತ್ತದೆಂದು ಮಗು ಅರಿಯುವುದು ಹೀಗೆಯೇ.

"ನಮಗೇ ಬೈಬಲ್ ತಿಳಿಯದು ಫಾದರ್, ಮಕ್ಕಳಿಗೆ ಏನೆಂದು ಕಲಿಸುವುದು?" ಎಂದು ಹಲವು ಹೆತ್ತವರು ಸಂಕೋಚದಿಂದ ಹೇಳುವುದುಂಟು. ಅವರು ಸಮುವೇಲನ ಮೊದಲನೆಯ ಗ್ರಂಥದ 3ನೆಯ ಅಧ್ಯಾಯವನ್ನು ಓದಬೇಕು. ರಾತ್ರಿಯಲ್ಲಿ ದೇವರು ಕರೆದಾಗ ಬಾಲಕ ಸಮುವೇಲನಿಗೆ ಅದು ಯಾರ ದನಿಯೆಂದು ತಿಳಿಯಲಿಲ್ಲ. ಮೂರು ಬಾರಿಯೂ ವೃದ್ಧ ಯಾಜಕ ಏಲಿಯ ಬಳಿಗೆ ಓಡಿದ. ಏಲಿಗೆ ಕಣ್ಣು ಮಂಜಾಗಿತ್ತು. ಸ್ವಂತ ಮಕ್ಕಳನ್ನು ತಿದ್ದುವುದರಲ್ಲಿ ಅವನು ಸೋತಿದ್ದ. ಆ ರಾತ್ರಿ ದೇವರ ದನಿ ಅವನ ಕಿವಿಗೆ ಬೀಳಲೂ ಇಲ್ಲ. ಆದರೂ ಆ ಕರೆಗೆ ಹೇಗೆ ಓಗೊಡಬೇಕೆಂದು ಹುಡುಗನಿಗೆ ಕಲಿಸಿದವನು ಅವನೇ. ಹೆತ್ತವರಿಂದ ದೇವರು ಬಯಸುವುದು ಪಾಂಡಿತ್ಯವನ್ನಲ್ಲ. ಮಗುವನ್ನು ಕರೆಯುವುದು ದೇವರ ಕೆಲಸ. ಆ ಕರೆಗೆ ಕಿವಿಗೊಡುವ ರೂಢಿಯನ್ನು ಬೆಳೆಸುವುದು ನಮ್ಮದು.

ಮುಂದಿನ ವರ್ಷದ ಭೇಟಿಯ ವೇಳೆ ನಮ್ಮ ಯಾವ ಮನೆಯಲ್ಲೂ 'ಇವತ್ತು ಯಾಕೆ?' ಎಂಬ ಪ್ರಶ್ನೆ ಕೇಳಿಸದಿರಲಿ. 'ದಿನಾಲೂ ಯಾಕೆ?' ಎಂದು ಮಗು ಕೇಳಲಿ. ಆಗ ಉತ್ತರಿಸಲು ಗುರುಗಳನ್ನು ಕಾಯಬೇಕಾಗಿಲ್ಲ. ದೇವರು ನಮ್ಮನ್ನು ಕಾಪಾಡಿದ ಕಥೆ ಎಲ್ಲ ಮನೆಗಳಲ್ಲೂ ಒಂದಿದ್ದೇ ಇದೆ. ಇಂದು ಸಂಜೆಯೇ ಮೇಣದಬತ್ತಿ ಹಚ್ಚಿ, ಮಗುವನ್ನು ಬಳಿಯಲ್ಲಿ ಕೂರಿಸಿಕೊಂಡು, ಅದನ್ನು ಹೇಳಲು ಆರಂಭಿಸಿ.