ಆಕಾಶದಿಂದ ಸುರಿದ ವಿಷ ಇನ್ನೂ ಇಳಿದಿಲ್ಲ!

ಕನ್ನಡದ ಯುವಕರೇ, ಯುವತಿಯರೇ,

ವಿಷ ಅಂದಕೂಡಲೇ ನಿಮಗೆ ನೆನಪಾಗುವುದು ಕುಡಿದ ಗಳಿಗೆಯಲ್ಲೇ ನೊರೆ ಕಾರಿಸಿ ಕೊಲ್ಲುವ ವಿಷ. ಅದಕ್ಕೆ ಪೊಲೀಸರು ಬರುತ್ತಾರೆ, ಮಹಜರು ನಡೆಯುತ್ತದೆ, ಮರುದಿನ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಆದರೆ ಇಪ್ಪತ್ತು ವರ್ಷ ಹನಿಹನಿಯಾಗಿ ಮೈಯೊಳಗೆ ಇಳಿಯುವ ವಿಷಕ್ಕೆ ಮಹಜರು ಬರೆಯುವವರು ಯಾರು?

ಎಂಡೋಸಲ್ಫಾನ್ ಅಂಥ ವಿಷ. ಗೇರು ಮರದ ಟೀ ಸೊಳ್ಳೆಯನ್ನು ಕೊಲ್ಲಲು ಅದನ್ನು ಹೆಲಿಕಾಪ್ಟರಿನಿಂದ ಸುರಿದರು. ಕಾಸರಗೋಡಿನಲ್ಲಿ 1970ರ ದಶಕದ ಕೊನೆಯಿಂದ, ದಕ್ಷಿಣ ಕನ್ನಡದಲ್ಲಿ 1980ರ ದಶಕದಿಂದ, 2000ದವರೆಗೆ! ಸುರಿದವರು ಯಾರೋ ವಿದೇಶಿ ದೊರೆಗಳಲ್ಲ. ಗಡಿಯ ಆಚೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್, ಈಚೆ ಕರ್ನಾಟಕ ಗೇರು ಅಭಿವೃದ್ಧಿ ನಿಗಮ. ಎರಡೂ ಸರ್ಕಾರಿ ಸಂಸ್ಥೆಗಳೇ. ಆಚೆ ಪಡ್ರೆ, ಎಣ್ಮಕಜೆ. ಈಚೆ ಕೊಕ್ಕಡ, ಪಟ್ರಮೆ, ನಿಡ್ಲೆ. ರಾಜ್ಯ ಎರಡು, ವಿಷ ಒಂದೇ.

ಸಿಂಪಡಿಸುವ ಮೊದಲು ಬಾವಿ ಮುಚ್ಚಿಕೊಳ್ಳಿ ಎಂದು ಜನರಿಗೆ ಹೇಳಿದರಂತೆ. ಎಂಥ ಕಾಳಜಿ! ಗೇರು ತೋಟಗಳಿರುವುದು ಗುಡ್ಡದ ಮೇಲೆ, ಮನೆಗಳಿರುವುದು ಕೆಳಗೆ. ಮಳೆ ಬಂದರೆ ಗುಡ್ಡದ ನೀರು ಇಳಿಯುವುದು ತೋಡಿಗೆ, ಸುರಂಗಕ್ಕೆ. ಬಾವಿಗೆ ಮುಚ್ಚಳ ಹಾಕಬಹುದು, ಗುಡ್ಡಕ್ಕೆ ಹಾಕುವುದು ಹೇಗೆ?

ಪಡ್ರೆಯ ವೈದ್ಯ ಡಾ. ವೈ. ಎಸ್. ಮೋಹನಕುಮಾರ್ ತಮ್ಮ ಊರಿನಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಅಂಗವೈಕಲ್ಯ, ಕ್ಯಾನ್ಸರ್ ಇಷ್ಟೊಂದು ಏಕೆ ಎಂದು ಕೇಳಿದರು. ಪತ್ರಕರ್ತ ಶ್ರೀಪಡ್ರೆ ಬರೆದರು. ಅಧಿಕಾರಿಗಳು ಪುರಾವೆ ಕೇಳಿದರು! ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಅಲ್ಲಿನ 117 ಹುಡುಗರನ್ನು, ವಿಷ ಬೀಳದ ಊರಿನ 90 ಹುಡುಗರ ಜೊತೆ ಹೋಲಿಸಿ ಪರೀಕ್ಷಿಸಿತು. ಸಿಂಪಡಣೆ ನಿಂತು ತಿಂಗಳುಗಳು ಕಳೆದಿದ್ದರೂ ವಿಷ ಬಿದ್ದ ಊರಿನ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಿತ್ತು. ಅವರು ಪ್ರಾಯಕ್ಕೆ ಬರುವುದೂ ತಡವಾಗಿತ್ತು. 2003ರಲ್ಲಿ ಪ್ರಕಟವಾದ ಸತ್ಯ ಇದು. ನರಮಂಡಲವನ್ನು ಕಾಡುವ, ಹಾರ್ಮೋನುಗಳ ಲೆಕ್ಕ ತಪ್ಪಿಸುವ ರಾಸಾಯನಿಕ ಇದು. ಸೊಳ್ಳೆ ಯಾವುದು, ಮಗು ಯಾವುದು ಎಂದು ಅದಕ್ಕೆ ಗೊತ್ತಿಲ್ಲ.

2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಜಗತ್ತು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿತು. ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ತಡೆಯಿತು. ಕತೆ ಮುಗಿಯಿತೆ? ಇಲ್ಲ! ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳಕ್ಕೆ ಹೇಳಿತು, ಗಡುವು ಮೂರು ತಿಂಗಳು. ಐದು ವರ್ಷದ ಬಳಿಕ ನೋಡಿದರೆ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು ಬರೀ 8 ಜನಕ್ಕೆ. ಕೋರ್ಟು 2022ರಲ್ಲಿ ಮತ್ತೆ ಚಾಟಿ ಬೀಸಬೇಕಾಯಿತು!

ಹಣ ಬಂದರೂ ಸಾಲದು. ಅಂದು ಮಗುವಾಗಿದ್ದವನಿಗೆ ಇಂದು ಮೂವತ್ತು, ನಲವತ್ತು. ಅವನಿಗೆ ಇವತ್ತಿಗೂ ತುತ್ತು ಇಡುವ ತಾಯಿಗೆ ಎಪ್ಪತ್ತು. ಆಕೆಯ ಪ್ರಶ್ನೆ ಒಂದೇ: ನನ್ನ ನಂತರ ಯಾರು? ಈ ಪ್ರಶ್ನೆಗೆ ಚೆಕ್ಕು ಉತ್ತರವಲ್ಲ. ಬೇಕಾದ್ದು ಜೀವನಪೂರ್ತಿ ಪಾಲನೆ, ಮನೆಬಾಗಿಲಿಗೆ ಬರುವ ವೈದ್ಯರು, ಆ ತಾಯಿಗೆ ತಿಳಿಯುವ ಭಾಷೆಯ ಕಾಗದಪತ್ರ. ಇದನ್ನು ಎರಡೂ ಸರ್ಕಾರಗಳಿಂದ ಕೇಳಬೇಕು.

ಬೆಂಗಳೂರಿನಲ್ಲಿ ಕೂತ ನಮಗೇನು ಅನ್ನಬೇಡಿ. ಪೀಣ್ಯದ ಅಂತರ್ಜಲದಲ್ಲಿ ಕಾರ್ಖಾನೆಗಳ ಕ್ರೋಮಿಯಂ ಸಿಕ್ಕಿದೆ. ಬ್ಯಾಟರಿ ಕರಗಿಸುವ ಶೆಡ್ಡುಗಳಲ್ಲಿ ದುಡಿಯುವವರ ರಕ್ತಕ್ಕೆ ಸೀಸ ಸೇರುತ್ತದೆ. "ಇಷ್ಟು ದಿನ ಏನೂ ಆಗಿಲ್ಲವಲ್ಲ" ಎಂಬುದು ಇಲ್ಲಿಯ ಮಾಲೀಕರ ಮಂತ್ರ. ಪಡ್ರೆಗೂ ಕೊಕ್ಕಡಕ್ಕೂ ಅದೇ ಮಂತ್ರ ಹೇಳಿದ್ದರು. ಮೈ ಮಾತ್ರ ಲೆಕ್ಕ ಇಟ್ಟುಕೊಂಡಿತ್ತು.

ಗೆಳೆಯರೇ, ನೀವು ಕುಡಿಯುವ ನೀರಿನ ಪರೀಕ್ಷಾ ವರದಿ ಕೇಳಿ. ದುಡಿಯುವ ಜಾಗದಲ್ಲಿ ರಕ್ತ ಪರೀಕ್ಷೆ ಕೇಳಿ. ಕೊಕ್ಕಡದ ಆ ತಾಯಿಯ ಪರವಾಗಿ ನಿಮ್ಮ ಶಾಸಕರನ್ನು ಕೇಳಿ. ಕಾಯಿಲೆ ಬಿದ್ದ ಮೇಲೆ ಕೂಗುವುದಲ್ಲ, ವಿಷ ಸುರಿಯುವಾಗಲೇ ಕೈ ಹಿಡಿಯಬೇಕು!