ಗೋದಾಮಿನ ಕಟ್ಟೆಯಂಚಿನಲ್ಲಿ ಅಪಾಯ: ಲೋಡಿಂಗ್ ಡಾಕ್ ಸುರಕ್ಷತೆಯ ಹೊಣೆ ಯಾರದು?

ಬೆಂಗಳೂರು: ನೆಲಮಂಗಲದಿಂದ ದಾಬಸ್‌ಪೇಟೆಯವರೆಗೆ, ಅತ್ತ ಹೊಸಕೋಟೆಯಿಂದ ನರಸಾಪುರದವರೆಗೆ ಹೆದ್ದಾರಿಯ ಇಕ್ಕೆಲಗಳಲ್ಲಿ ಬೃಹತ್ ಗೋದಾಮುಗಳು ಸಾಲುಗಟ್ಟಿ ನಿಂತಿವೆ. ರಾಜಧಾನಿಯ ಮನೆ ಬಾಗಿಲಿಗೆ ಬರುವ ಅಕ್ಕಿ ಮೂಟೆಯಿಂದ ಮೊಬೈಲ್ ಫೋನಿನವರೆಗೆ ಹೆಚ್ಚಿನ ಸರಕು ಇಂತಹ ಗೋದಾಮುಗಳನ್ನು ಹಾದೇ ಬರುತ್ತದೆ. ಅಲ್ಲಿ ಲಾರಿ ಮತ್ತು ಕಟ್ಟಡ ಸಂಧಿಸುವ ನಾಲ್ಕಡಿ ಎತ್ತರದ ಕಟ್ಟೆಯೇ ಲೋಡಿಂಗ್ ಡಾಕ್. ಗೋದಾಮಿನ ಕೆಲಸದಲ್ಲಿ ಅತ್ಯಂತ ಅಪಾಯಕಾರಿ ಜಾಗಗಳಲ್ಲಿ ಇದೂ ಒಂದು. ಆದರೂ ಕಟ್ಟಡ ನಿರ್ಮಾಣದ ಲೆಕ್ಕಾಚಾರದಲ್ಲಿ ಕೊನೆಯ ಗಮನ ಸಿಗುವುದು ಇದಕ್ಕೇ.

2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬರುವ ಮುನ್ನ, ಕೇಂದ್ರ ಮಾರಾಟ ತೆರಿಗೆಯ ಹೊರೆ ತಪ್ಪಿಸಲು ಕಂಪನಿಗಳು ರಾಜ್ಯಕ್ಕೊಂದರಂತೆ ಸಣ್ಣ ಡಿಪೋಗಳನ್ನು ಇಟ್ಟುಕೊಳ್ಳುತ್ತಿದ್ದವು. ಆ ಅಗತ್ಯ ತಪ್ಪಿದ ಬಳಿಕ ದೊಡ್ಡ ಗೋದಾಮುಗಳ ಯುಗ ಆರಂಭವಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಸರಕು ಸಾಗಣೆ ಕ್ಷೇತ್ರಕ್ಕೆ ಮೂಲಸೌಕರ್ಯದ ಸ್ಥಾನಮಾನ ದೊರೆಯಿತು. 2022ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ಸರಕು ಸಾಗಣೆ ನೀತಿ ಪ್ರಕಟವಾಯಿತು. ಹಮಾಲಿಗಳ ಹೆಗಲಿನ ಮೇಲೆ ನಡೆಯುತ್ತಿದ್ದ ಕೆಲಸದ ಬಹುಪಾಲನ್ನು ದೊಡ್ಡ ಗೋದಾಮುಗಳಲ್ಲಿ ಫೋರ್ಕ್‌ಲಿಫ್ಟ್‌ಗಳು ವಹಿಸಿಕೊಂಡಿವೆ. ಯಂತ್ರ ಬದಲಾದಷ್ಟು ವೇಗದಲ್ಲಿ ಕಟ್ಟೆ ಬದಲಾಗಿದೆಯೇ ಎಂಬುದೇ ಈಗಿನ ಪ್ರಶ್ನೆ.

ಅಪಾಯ ಹೇಗೆ ಒದಗುತ್ತದೆ?

ಎರಡು ಟನ್ ಎತ್ತುವ ಸಾಮರ್ಥ್ಯದ ಫೋರ್ಕ್‌ಲಿಫ್ಟ್‌ನ ಸ್ವಂತ ತೂಕವೇ ಮೂರು ಟನ್‌ಗಿಂತ ಹೆಚ್ಚು. ಹೊರೆ ಹೊತ್ತಾಗ ಒಟ್ಟು ತೂಕ ಐದು ಟನ್ ಮುಟ್ಟುತ್ತದೆ; ಅದರ ಬಹುಭಾಗ ಬೀಳುವುದು ಮುಂದಿನ ಎರಡು ಗಾಲಿಗಳ ಮೇಲೆ. ಇಂತಹ ಯಂತ್ರ ಲಾರಿಯೊಳಗೆ ನುಗ್ಗಿ ಬ್ರೇಕ್ ಹಾಕಿದಾಗಲೆಲ್ಲ ಲಾರಿ ಕಟ್ಟೆಯಿಂದ ಕೊಂಚ ಕೊಂಚವೇ ಮುಂದೆ ಸರಿಯುತ್ತದೆ. ಹತ್ತಾರು ಸಲ ಹೋಗಿ ಬರುವಷ್ಟರಲ್ಲಿ ಲಾರಿಗೂ ಕಟ್ಟೆಗೂ ನಡುವೆ ಕಂದಕ ಬಾಯಿ ತೆರೆದಿರುತ್ತದೆ.

ಇದಕ್ಕಿಂತ ಭೀಕರವಾದುದು, ಲೋಡಿಂಗ್ ಮುಗಿಯಿತೆಂದು ಭಾವಿಸಿ ಚಾಲಕ ಲಾರಿಯನ್ನು ಹೊರಡಿಸಿಬಿಡುವ ಸಂದರ್ಭ. ಆ ಕ್ಷಣದಲ್ಲಿ ಫೋರ್ಕ್‌ಲಿಫ್ಟ್ ನಡುವೆ ಇದ್ದರೆ ಅದು ಚಾಲಕನ ಸಮೇತ ಕೆಳಗುರುಳುತ್ತದೆ. ಸೀಟ್ ಬೆಲ್ಟ್ ಧರಿಸದೆ, ಉರುಳುತ್ತಿರುವ ಯಂತ್ರದಿಂದ ಹಾರಲು ಯತ್ನಿಸುವವರು ಅದರ ಮೇಲ್ಚಾವಣಿಯಡಿಯೇ ಸಿಲುಕುವ ಅಪಾಯವಿದೆ. ಮುಂಭಾಗದ ಎಂಜಿನ್ ಲಾರಿಯನ್ನು ಬಿಡಿಸಿ ನಿಲ್ಲಿಸಿದ ಟ್ರೇಲರ್ ಹೊರೆಯ ಭಾರಕ್ಕೆ ಮೂತಿ ಊರಿ ಮಗುಚುವುದೂ ಉಂಟು.

ಆಯ್ಕೆಯಲ್ಲಿ ಗಮನಿಸಬೇಕಾದುದು

ಕಟ್ಟೆಗೂ ಲಾರಿಗೂ ನಡುವೆ ಸೇತುವೆಯಾಗುವ ಸಾಧನವೇ ಡಾಕ್ ಲೆವೆಲ್ಲರ್. ಬೆಲೆ ಉಳಿಸುವ ಉದ್ದೇಶದಿಂದ ಗಿಡ್ಡ ಲೆವೆಲ್ಲರ್ ಆರಿಸುವುದು ಸಾಮಾನ್ಯ ತಪ್ಪು. ಲಾರಿಯ ತಳ ಕಟ್ಟೆಗಿಂತ 300 ಮಿಲಿಮೀಟರ್ ತಗ್ಗಿದ್ದರೆ, ಎರಡು ಮೀಟರ್ ಉದ್ದದ ಲೆವೆಲ್ಲರ್‌ನ ಇಳಿಜಾರು ಶೇ 15ರಷ್ಟಾಗುತ್ತದೆ. ಎರಡೂವರೆ ಮೀಟರ್ ಇದ್ದರೆ ಶೇ 12, ಮೂರು ಮೀಟರ್ ಇದ್ದರೆ ಶೇ 10. ಯುರೋಪಿನ ಇಎನ್ 1398 ಮಾನದಂಡ ಒಪ್ಪುವ ಮಿತಿ ಶೇ 12.5. ಅರ್ಧ ಮೀಟರ್ ಉಕ್ಕಿನ ಉಳಿತಾಯ ಎಲ್ಲಿಗೆ ಕೊಂಡೊಯ್ಯುತ್ತದೆ ಎಂಬುದು ಈ ಲೆಕ್ಕದಿಂದಲೇ ಸ್ಪಷ್ಟ.

ನಮ್ಮಲ್ಲಿ ಈ ಸಮಸ್ಯೆ ಇನ್ನಷ್ಟು ಜಟಿಲ. ಒಂದೇ ಕಟ್ಟೆಗೆ ಬೆಳಿಗ್ಗೆ ಕಂಟೇನರ್ ಟ್ರೇಲರ್, ಮಧ್ಯಾಹ್ನ ತೆರೆದ ಮೈಯ ಲಾರಿ, ಸಂಜೆ ಸಣ್ಣ ಸರಕು ವಾಹನ ಬಂದು ನಿಲ್ಲುತ್ತವೆ. ಒಂದೊಂದರ ತಳದ ಎತ್ತರ ಒಂದೊಂದು ಬಗೆ. ಆದ್ದರಿಂದ ಬರುವ ವಾಹನಗಳ ಎತ್ತರವನ್ನು ಕೆಲವು ವಾರ ಅಳೆದು ಬರೆದಿಟ್ಟುಕೊಂಡ ಬಳಿಕವೇ ಕಟ್ಟೆಯ ಎತ್ತರವನ್ನೂ ಲೆವೆಲ್ಲರ್‌ನ ಉದ್ದವನ್ನೂ ನಿರ್ಧರಿಸುವುದು ಸೂಕ್ತ. ಸಣ್ಣ ವಾಹನಗಳಿಗೆ ಪ್ರತ್ಯೇಕ ತಗ್ಗು ಕಟ್ಟೆ ಇರುವುದು ಒಳಿತು.

ಸಾಮರ್ಥ್ಯದ ವಿಷಯದಲ್ಲೂ ಎಚ್ಚರ ಅಗತ್ಯ. ಐದು ಟನ್ ತೂಗುವ ಯಂತ್ರ ವೇಗವಾಗಿ ಬಂದು ತುಳಿದಾಗ ಬೀಳುವ ಒತ್ತಡ ನಿಂತ ತೂಕಕ್ಕಿಂತ ಹೆಚ್ಚು. ಹೈಡ್ರಾಲಿಕ್ ಲೆವೆಲ್ಲರ್ ಆರಿಸುವಾಗ, ಲಾರಿ ಹಠಾತ್ತನೆ ಸರಿದರೂ ವೇದಿಕೆ ಕುಸಿಯದಂತೆ ತಡೆಯುವ ಕವಾಟ ಇದೆಯೇ, ದುರಸ್ತಿ ವೇಳೆ ಅದನ್ನು ಎತ್ತಿ ಹಿಡಿಯುವ ಊರುಗೋಲು ಇದೆಯೇ, ಲಾರಿ ಇಲ್ಲದಾಗ ಫೋರ್ಕ್‌ಲಿಫ್ಟ್ ಕೆಳಗೆ ಜಾರದಂತೆ ತುಟಿಯಂಚು ತಡೆಯಾಗಿ ಎದ್ದು ನಿಲ್ಲುತ್ತದೆಯೇ ಎಂಬ ಮೂರು ಪ್ರಶ್ನೆಗಳನ್ನು ಖರೀದಿದಾರರು ಕೇಳಲೇಬೇಕು.

ಕಲ್ಲು ಸಾಲದು

ನಿಂತ ಲಾರಿಯ ಗಾಲಿಗೆ ಕ್ಲೀನರ್ ರಸ್ತೆ ಬದಿಯ ಕಲ್ಲೊಂದನ್ನು ಇಡುವ ಪದ್ಧತಿ ಈಗಲೂ ಕಾಣಸಿಗುತ್ತದೆ. ರಬ್ಬರಿನ ಗಾಲಿತಡೆ ಅದಕ್ಕಿಂತ ಮೇಲು. ಆದರೆ ಇಡುವುದು ಮರೆತರೆ ಅದೂ ನಿಷ್ಪ್ರಯೋಜಕ. ವಿದೇಶಗಳಲ್ಲಿ ಲಾರಿಯ ಹಿಂಬದಿಯ ಅಡ್ಡಪಟ್ಟಿಗೆ ಕೊಕ್ಕೆ ಹಾಕಿ ಬಂಧಿಸುವ ಯಂತ್ರಗಳಿವೆ. ನಮ್ಮ ಲಾರಿಗಳಲ್ಲಿ ನಿಯಮಾನುಸಾರ ಇರಬೇಕಾದ ಈ ಪಟ್ಟಿ ಬಾಗಿರುವುದು, ಕೆಲವೊಮ್ಮೆ ಇಲ್ಲದೇ ಇರುವುದು ಅಪರೂಪವಲ್ಲ. ಹೀಗಾಗಿ ಗಾಲಿಯನ್ನೇ ಹಿಡಿಯುವ ಬಂಧಕಗಳು ಇಲ್ಲಿನ ಪರಿಸ್ಥಿತಿಗೆ ಹೆಚ್ಚು ಹೊಂದುತ್ತವೆ. ಲಾರಿ ಬಂಧಿತವಾಗುವವರೆಗೆ ಲೆವೆಲ್ಲರ್ ಮೇಲೇಳದಂತೆ, ಲೆವೆಲ್ಲರ್ ಹಿಂದಕ್ಕೆ ಬರುವವರೆಗೆ ಲಾರಿಗೆ ಹಸಿರು ದೀಪ ಬೆಳಗದಂತೆ ಎರಡನ್ನೂ ಪರಸ್ಪರ ಜೋಡಿಸಿದರೆ ಮನುಷ್ಯನ ಮರೆವಿಗೆ ಅವಕಾಶ ಕಡಿಮೆ.

ಅಷ್ಟು ಹಣವಿಲ್ಲದವರಿಗೂ ದಾರಿಯಿದೆ. ಲೋಡಿಂಗ್ ಮುಗಿಯುವವರೆಗೆ ಲಾರಿಯ ಕೀಲಿಕೈಯನ್ನು ಡಾಕ್ ಮೇಲ್ವಿಚಾರಕನ ಬಳಿ ಇರಿಸುವ ಪದ್ಧತಿಗೆ ತಗಲುವ ವೆಚ್ಚ ಒಂದು ಮೊಳೆ ಮತ್ತು ಒಂದು ಹಲಗೆ ಮಾತ್ರ. ಮಳೆಗಾಲದಲ್ಲಿ ಕಟ್ಟೆ ಒದ್ದೆಯಾಗದಂತೆ ಕಾಪಾಡುವ ಡಾಕ್ ಶೆಲ್ಟರ್, ಲಾರಿಯ ಒಳಗನ್ನು ಬೆಳಗುವ ದೀಪ, ಮುಚ್ಚಿದ ಕಂಟೇನರ್‌ಗೆ ಡೀಸೆಲ್ ಬದಲು ವಿದ್ಯುತ್ ಫೋರ್ಕ್‌ಲಿಫ್ಟ್ ಇವೆಲ್ಲ ಅಲಂಕಾರದ ವಸ್ತುಗಳಲ್ಲ.

ಕಾನೂನಿನ ಬಿರುಕು

1948ರ ಕಾರ್ಖಾನೆಗಳ ಕಾಯ್ದೆ ತಯಾರಿಕಾ ಪ್ರಕ್ರಿಯೆ ನಡೆಯುವ ಸ್ಥಳಗಳಿಗೆ ಸಂಬಂಧಿಸಿದುದಾಗಿತ್ತು. ಶೀತಲಗೃಹದಲ್ಲಿ ಸರಕು ಇಡುವುದು ಅದರ ವ್ಯಾಖ್ಯೆಯೊಳಗೆ ಬರುತ್ತಿತ್ತು. ಬರಿಯ ದಾಸ್ತಾನಿಗೆ ಮೀಸಲಾದ ಸಾಮಾನ್ಯ ಗೋದಾಮು ಬರುತ್ತಿರಲಿಲ್ಲ. ವ್ಯಾಪಾರಕ್ಕೆ ಬಳಸುವ ಗೋದಾಮನ್ನು ಅಂಗಡಿಯ ವ್ಯಾಖ್ಯೆಯಲ್ಲಿ ಸೇರಿಸಿದ್ದ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಒತ್ತು ಕೆಲಸದ ವೇಳೆ, ರಜೆ, ನೋಂದಣಿಗಳ ಮೇಲಿತ್ತೇ ಹೊರತು ಐದು ಟನ್ ಯಂತ್ರದ ಮೇಲಲ್ಲ.

2025ರ ನವೆಂಬರ್ 21ರಿಂದ ಜಾರಿಗೆ ತರಲಾದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ, 2020 ಈ ಬಿರುಕನ್ನು ಬಹುಮಟ್ಟಿಗೆ ಮುಚ್ಚಬಲ್ಲುದು. ಹತ್ತು ಮತ್ತು ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ವ್ಯಾಪಾರ ಸ್ಥಳವೂ ಅದರ ವ್ಯಾಪ್ತಿಗೆ ಸೇರುತ್ತದೆ. ಉದ್ಯೋಗದಾತನ ಕರ್ತವ್ಯಲೋಪದಿಂದ ಸಾವು ಸಂಭವಿಸಿದರೆ ಎರಡು ವರ್ಷದವರೆಗೆ ಸೆರೆವಾಸ ಅಥವಾ ಕನಿಷ್ಠ ಐದು ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ದಂಡದ ಕನಿಷ್ಠ ಅರ್ಧದಷ್ಟನ್ನು ಮೃತರ ವಾರಸುದಾರರಿಗೆ ಕೊಡಿಸುವ ಅಧಿಕಾರ ನ್ಯಾಯಾಲಯಕ್ಕಿದೆ.

ಆದರೆ ಉದ್ಯೋಗದಾತ ಯಾರು? ಕಟ್ಟೆ ಕಟ್ಟಿದವನು ಭೂಮಾಲೀಕ ಅಥವಾ ಡೆವಲಪರ್. ಅದನ್ನು ಬಾಡಿಗೆಗೆ ಪಡೆದು ನಡೆಸುವುದು ಸರಕು ನಿರ್ವಹಣಾ ಕಂಪನಿ. ಫೋರ್ಕ್‌ಲಿಫ್ಟ್ ಬಾಡಿಗೆಯದು, ಅದರ ಚಾಲಕ ಗುತ್ತಿಗೆದಾರನ ಕಡೆಯವನು, ಲಾರಿ ಮತ್ತೊಬ್ಬರದು. ಲೆವೆಲ್ಲರ್ ಗಿಡ್ಡವಾಗಿದ್ದರೆ ಬಾಡಿಗೆದಾರ ಮಾಲೀಕನತ್ತ, ಮಾಲೀಕ ಬಾಡಿಗೆದಾರನತ್ತ ಬೆರಳು ತೋರಿಸುವುದು ಸುಲಭ. ಮುದ್ದೇಲಿಂಗನಹಳ್ಳಿಯಲ್ಲಿ 400 ಎಕರೆಯ ಬಹುಮಾದರಿ ಸರಕು ಸಾಗಣೆ ಪಾರ್ಕ್ ಯೋಜನೆ ರೂಪುಗೊಂಡಿರುವ ಸಂದರ್ಭದಲ್ಲಿ ಈ ಗೊಂದಲವನ್ನು ಹೀಗೆಯೇ ಬಿಡುವುದು ವಿವೇಕವಲ್ಲ.

ಲೆವೆಲ್ಲರ್‌ನ ಉದ್ದ, ಸಾಮರ್ಥ್ಯ, ಬಂಧಕ, ವಾರ್ಷಿಕ ತಪಾಸಣೆ, ಚಾಲಕರ ತರಬೇತಿ ಇವುಗಳಲ್ಲಿ ಯಾವುದು ಯಾರ ಹೊಣೆ ಎಂಬುದನ್ನು ಬಾಡಿಗೆ ಕರಾರಿನಲ್ಲಿಯೇ ನಮೂದಿಸುವಂತೆ ರಾಜ್ಯ ಸರ್ಕಾರ ಕಡ್ಡಾಯಗೊಳಿಸಬಹುದು. ಇದಕ್ಕೆ ಸರ್ಕಾರದ ಬೊಕ್ಕಸದಿಂದ ದೊಡ್ಡ ಖರ್ಚೇನೂ ಬೇಕಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಚಾಳಿಯನ್ನು ಕಾರ್ಮಿಕ ಇಲಾಖೆ ಈ ವಿಷಯದಲ್ಲಾದರೂ ಬಿಡಬೇಕಾಗಿದೆ.