ಸಾವಿರದಿನ್ನೂರು ರೂಪಾಯಿ ರೂಮು

"ರೂಮಿಗೆ ಎಷ್ಟು ಕೊಟ್ಟೆ?"

ಆಟೊ ಇಳಿದು ಬ್ಯಾಗು ಇನ್ನೂ ಕೈಯಲ್ಲಿರುವಾಗಲೇ ಅಮ್ಮ ಕೇಳಿದ್ದು ಇದನ್ನ. ಎದುರಿಗೆ ನಾಲ್ಕು ತೆಂಗಿನಮರ, ಅದರಾಚೆ ಮರಳು, ಮರಳಿನಾಚೆ ಇಡೀ ಅರಬ್ಬಿ ಸಮುದ್ರ. ಅದನ್ನ ನೋಡೋಕೆ ಮುಂಚೆ ಅಮ್ಮನಿಗೆ ರೇಟು ಗೊತ್ತಾಗಬೇಕಿತ್ತು.

"ಸಾವಿರದಿನ್ನೂರು" ಅಂದೆ.

"ತಿಂಡಿ ಸೇರಿನಾ?"

"ಸೇರಿ."

"ಪರವಾಗಿಲ್ಲ" ಅಂದು ಒಳಗೆ ನಡೆದರು. ನಿಜವಾದ ರೇಟು ಒಂದು ರಾತ್ರಿಗೆ ಆರೂವರೆ ಸಾವಿರ, ಮೇಲೆ ಐದು ಪರ್ಸೆಂಟ್ ಜಿಎಸ್‌ಟಿ. ಎರಡು ರಾತ್ರಿಗೆ 13,650. ಇಂಥ ಸುಳ್ಳು ನೀವೂ ಹೇಳಿರ್ತೀರಿ. ಅಮ್ಮನಿಗೆ ಕೊಟ್ಟ ಸೀರೆಗೆ, ಅಪ್ಪನಿಗೆ ಕೊಟ್ಟ ಶೂಗೆ ನಾವೆಲ್ಲ ಒಂದು ಸೊನ್ನೆ ತೆಗೆದೇ ಬೆಲೆ ಹೇಳೋದು. ನಾನು ಆರು ವರ್ಷದಿಂದ ಹೇಳ್ತಾ ಬಂದಿದೀನಿ, ಒಂದು ಸಲವೂ ಸಿಕ್ಕಿಬಿದ್ದಿರಲಿಲ್ಲ.

ಇಲ್ಲಿಗೇ ಬರೋಕೆ ಒಂದು ಕಾರಣ ಇತ್ತು. ನಮ್ಮೂರು ತಿಪಟೂರಿನ ಹತ್ತಿರ. ಅಮ್ಮನ ಮಟ್ಟಿಗೆ ಪ್ರವಾಸ ಅಂದ್ರೆ ಟೆಂಪೊ ಟ್ರಾವೆಲರ್‌ನಲ್ಲಿ ಹದಿನಾಲ್ಕು ಜನ, ಮೂರು ದಿನ, ಧರ್ಮಸ್ಥಳ, ಕುಕ್ಕೆ, ಉಡುಪಿ, ಮುರುಡೇಶ್ವರ. ಮಲಗೋದು ಛತ್ರದಲ್ಲಿ. ಎಂಟು ವರ್ಷದ ಹಿಂದೆ ಹಾಗೆ ಹೋದಾಗ ಮರವಂತೆಯಲ್ಲಿ ಗಾಡಿ ನಿಲ್ಲಿಸಿದ್ದರಂತೆ. ಅಮ್ಮ ಸೀರೆ ಎತ್ತಿ ಹಿಡಿದು ನೀರಿಗೆ ಕಾಲಿಟ್ಟಿದ್ದಾರೆ, ಎರಡು ಅಲೆ ಬಂದು ಹೋಗಿದೆ, ಅಷ್ಟರಲ್ಲಿ ಡ್ರೈವರ್ ಹಾರ್ನ್ ಹೊಡೆದುಬಿಟ್ಟಿದ್ದಾನೆ. ಸಮುದ್ರದ ಮಾತು ಬಂದಾಗಲೆಲ್ಲ ಅಮ್ಮ ಹೇಳೋದು ಆ ಹಾರ್ನಿನ ಕಥೆಯನ್ನೇ. ಈ ಸಲ ನವೆಂಬರ್‌ನಲ್ಲಿ ನನಗೆ ಮೂರು ದಿನ ರಜೆ ಸಿಕ್ಕಿತು. ಅಪ್ಪ "ಹಸು ಯಾರು ನೋಡ್ಕೋತಾರೆ" ಅಂದು ತಪ್ಪಿಸಿಕೊಂಡರು. ನಾವಿಬ್ಬರೇ ಸಂಜೆಯ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ ಬೆಳಗಾಗೋ ಹೊತ್ತಿಗೆ ಕುಂದಾಪುರದಲ್ಲಿ ಇಳಿದೆವು.

ಹೋಟೆಲ್ಲು ಮರವಂತೆಯಿಂದ ಸ್ವಲ್ಪ ದೂರ, ಹೆದ್ದಾರಿ ಬಿಟ್ಟು ಮೀನುಗಾರರ ಮನೆಗಳ ನಡುವಿನ ಓಣಿಯಲ್ಲಿ. ಹೆಸರು ಹೇಳಲ್ಲ. ಇರೋದೇ ಆರು ರೂಮು, ಶನಿವಾರ-ಭಾನುವಾರ ಈಗಲೇ ಸಿಗ್ತಿಲ್ಲ. ಬೊಟಿಕ್ ಹೋಟೆಲ್ ಅಂತ ವೆಬ್‌ಸೈಟಿನಲ್ಲಿದೆ. ನೋಡಿದ್ರೆ ಒಂದು ಹಳೇ ಮನೆ, ಕೆಂಪುಕಲ್ಲಿನ ಗೋಡೆ, ಮಂಗಳೂರು ಹಂಚು. ಒಳಗೆ ಮಾತ್ರ ಬಾತ್‌ರೂಮು, ಎಸಿ, ದೀಪ ಎಲ್ಲ ಹೊಸದು. ಅಮ್ಮ ಬಾತ್‌ರೂಮ್ ನೋಡಿ ಬಂದು, "ನಮ್ಮ ಅಡುಗೆಮನೆಗಿಂತ ದೊಡ್ಡದಿದೆ ಕಣೆ, ಸಾವಿರದಿನ್ನೂರಕ್ಕೆ ಇವರಿಗೆ ಹೇಗೆ ಗಿಟ್ಟುತ್ತೆ?" ಅಂದರು. ಅಲ್ಲೇ ನನಗೆ ಎಚ್ಚರ ಆಗಬೇಕಿತ್ತು.

ಹೋಟೆಲಿನಲ್ಲಿ ಅತಿಥಿಯಾಗಿ ಇರೋದು ಹೇಗೆ ಅಂತ ಅಮ್ಮನಿಗೆ ಗೊತ್ತಿಲ್ಲ. ಎದ್ದ ತಕ್ಷಣ ಹಾಸಿಗೆ ಕೊಡವಿ, ಬೆಡ್‌ಶೀಟು ಮಡಚಿ, ಟವೆಲ್ ಒಗೆದು ವರಾಂಡದ ಕುರ್ಚಿ ಮೇಲೆ ಒಣಹಾಕಿದರು. ಕಾಫಿ ಕಪ್ಪು ತೊಳೆದಿಟ್ಟರು. ರೂಮು ಗುಡಿಸೋಕೆ ಬಂದ ಅಕ್ಕನ ಕೈಯಿಂದ ಪೊರಕೆ ತಗೊಳ್ಳೋಕೆ ಹೋದಾಗ ಆಕೆ ನಕ್ಕು, "ಬಿಡಿ ಅಮ್ಮ, ನಾನ್ ಮಾಡ್ತೆ" ಅಂದಳು. ಹತ್ತು ನಿಮಿಷ ಬಿಟ್ಟು ನೋಡಿದರೆ ಇಬ್ಬರೂ ಮೆಟ್ಟಿಲ ಮೇಲೆ ಕೂತಿದ್ದಾರೆ. ಅಮ್ಮನ ತಿಪಟೂರು ಕಡೆ ಕನ್ನಡ ಆಕೆಗೆ ಮುಕ್ಕಾಲು ಅರ್ಥವಾಗ್ತಿತ್ತು, ಆಕೆಯ ಕುಂದಾಪ್ರ ಕನ್ನಡ ಅಮ್ಮನಿಗೆ ಅರ್ಧ. ಉಳಿದದ್ದಕ್ಕೆ ಇಬ್ಬರೂ ತಲೆಯಾಡಿಸ್ತಿದ್ದರು.

ತಿಂಡಿಗೆ ನೀರುದೋಸೆ, ಬೆಲ್ಲ ಹಾಕಿದ ಕಾಯಿಹಾಲು. ಮಾರನೇ ದಿನ ಹಲಸಿನೆಲೆಯ ಕೊಟ್ಟೆಯಲ್ಲಿ ಬೇಯಿಸಿದ ಕಡುಬು. ಅಮ್ಮ ಎರಡನ್ನೂ ತಿಂದು, "ಚೆನ್ನಾಗಿದೆ, ಹೊಟ್ಟೆ ತುಂಬಲ್ಲ" ಅಂತ ತೀರ್ಪು ಕೊಟ್ಟರು. ಮುದ್ದೆಯ ಊರಿನವರು ಇನ್ನೇನು ಹೇಳ್ತಾರೆ.

ಮೊದಲ ದಿನ ಸಂಜೆ ಆಟೊ ಮಾಡಿಕೊಂಡು ಮರವಂತೆಗೇ ಹೋದೆವು. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ 66. ಕೊಡಚಾದ್ರಿ ಕಡೆಯಿಂದ ಇಳಿದು ಕೊಲ್ಲೂರು ದಾಟಿ ಬಂದ ನದಿ ಇಲ್ಲಿ ಸಮುದ್ರಕ್ಕೆ ಒಂದು ರಸ್ತೆಯಷ್ಟು ಹತ್ತಿರ ಬರುತ್ತೆ, ಆದ್ರೆ ಸೇರಲ್ಲ. ತಿರುಗಿಕೊಂಡು ಇನ್ನೂ ಹತ್ತು ಕಿಲೋಮೀಟರಿನಷ್ಟು ಹೋಗಿ ಗಂಗೊಳ್ಳಿಯಲ್ಲಿ ಬೇರೆ ನಾಲ್ಕು ನದಿಗಳ ಜೊತೆ ಸೇರುತ್ತೆ. ನಾವು ಬಂದ ರೈಲಿನ ಹೆಸರಿನಲ್ಲಿರೋದು ಇದೇ ಪಂಚಗಂಗಾವಳಿ. ಇದನ್ನೆಲ್ಲ ಹೇಳಿದರೆ ಅಮ್ಮ ನದಿ ಕಡೆ ನೋಡಿ, "ಇಷ್ಟು ಹತ್ರ ಬಂದು ಯಾಕೆ ತಿರುಗಿತೋ" ಅಂದರು. ಆಮೇಲೆ ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ, ನೀರಿಗೆ ಇಳಿದು ಮುಕ್ಕಾಲು ಗಂಟೆ ನಿಂತರು. ಫೋಟೊ ತೆಗೀತೀನಿ ಈ ಕಡೆ ತಿರುಗು ಅಂದ್ರೂ ತಿರುಗಲಿಲ್ಲ. ನನ್ನ ಹತ್ರ ಇರೋದೆಲ್ಲ ಬೆನ್ನಿನ ಫೋಟೊಗಳೇ.

ತೊಂದರೆ ಶುರುವಾಗಿದ್ದು ಅವತ್ತು ರಾತ್ರಿ. ನಾನು ಲ್ಯಾಪ್‌ಟಾಪ್ ತೆಗೆದು ಆಫೀಸಿನ ಒಂದು ಅರ್ಜೆಂಟ್ ಮೆಸೇಜಿಗೆ ಉತ್ತರ ಬರೀತಿದ್ದೆ (ರಜೆ ಅಂತ ಹೇಳಿ ಬಂದಿದ್ದೆ, ಬಿಡಿ). ವರಾಂಡದಿಂದ ಅಮ್ಮನ ದನಿ. ಚಿಕ್ಕಮ್ಮನ ಜೊತೆ ಫೋನು.

"ಸಾವಿರದಿನ್ನೂರೇ ಕಣೆ, ತಿಂಡಿ ಸೇರಿ. ಕೂತ್ರೆ ಎದುರಿಗೆ ಸಮುದ್ರ. ಯುಗಾದಿಗೆ ಎಲ್ರೂ ಬರೋಣ. ನಾಲ್ಕು ರೂಮು ತಗೊಂಡ್ರೆ ಎಂಟು ಜನಕ್ಕೆ ಆಗುತ್ತೆ. ನಾನೇ ಹೇಳಿ ಬುಕ್ ಮಾಡಿಸ್ತೀನಿ."

ನಾನು ಟೈಪ್ ಮಾಡ್ತಿದ್ದ ವಾಕ್ಯ ಅಲ್ಲೇ ನಿಂತಿತು. ನಾಲ್ಕು ರೂಮು, ಎರಡು ರಾತ್ರಿ, 54,600. ಆಗಲೇ ಎದ್ದುಹೋಗಿ ನಿಜ ಹೇಳಬಹುದಿತ್ತು. ನಾಳೆ ಹೇಳೋಣ ಅಂತ ಮಲಗಿದೆ.

ನಾಳೆಯೂ ಹೇಳಲಿಲ್ಲ. ಬೆಳಗ್ಗೆ ಅಡುಗೆಮನೆ ಹಿಂದೆ ಅಕ್ಕ ತೆಂಗಿನಕಾಯಿ ಸುಲೀತಿದ್ದರು, ಅಮ್ಮ ಪಕ್ಕದಲ್ಲಿ. "ಇಲ್ಲಿ ಅಟ್ಟಕ್ಕೆ ಹಾಕಲ್ವಾ?" ಅಂತ ಅಮ್ಮ ಕೇಳಿದರು. ಅಕ್ಕನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನಮ್ಮ ಕಡೆಯವರಲ್ಲದವರಿಗೆ ಹೇಳಬೇಕು: ತಿಪಟೂರು ಸೀಮೆಯಲ್ಲಿ ಕಾಯಿ ಇಳಿಸಿದ ಕೂಡಲೇ ಮಾರಲ್ಲ. ಸಿಪ್ಪೆ ಸಮೇತ ಅಟ್ಟಕ್ಕೆ ಹಾಕ್ತೀವಿ. ಹತ್ತು ತಿಂಗಳು, ಒಂದು ವರ್ಷ ಅಲ್ಲೇ ಇರುತ್ತೆ. ಒಳಗಿನ ನೀರು ತಾನಾಗಿ ಇಂಗಿ, ಕಾಯಿ ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದ್ರೆ ಲೊಟಲೊಟ ಅನ್ನಬೇಕು. ಆಮೇಲೆ ಸುಲಿದು ಒಡೆದರೆ ಉಂಡೆ ಕೊಬ್ಬರಿ, ಗಿಟುಕು. ಅದಕ್ಕೆ ಬೆಲೆ. ಒಂದು ವರ್ಷ ಕಾಯೋ ಶಕ್ತಿ ಇದ್ದವರಿಗೆ ಮಾತ್ರ ಆ ಬೆಲೆ ಸಿಗೋದು. ದುಡ್ಡಿನ ಅವಸರ ಇದ್ದವರು ಹಸಿ ಕಾಯಿಯನ್ನೇ ಮಾರಿಬಿಡ್ತಾರೆ.

"ಇವರು ಹಸಿ ಕಾಯೇ ಬಳಸ್ತಾರೆ, ದಿನಾ ಸಾರಿಗೆ ಬೇಕಲ್ಲ" ಅಂದೆ ನಾನು.

"ನಾವೂ ಒಂದು ವರ್ಷ ಪೂರ್ತಿ ಹಸಿಕಾಯೇ ಕೊಟ್ವಿ. ಅಟ್ಟ ಖಾಲಿ ಇತ್ತು."

"ಯಾವಾಗ?"

"ನೀನು ಹಾಸ್ಟೆಲ್ ಸೇರಿದ ವರ್ಷ" ಅಂದು, ಅಕ್ಕ ಸುಲಿದಿಟ್ಟ ಕಾಯಿಯ ನಾರನ್ನ ಒಂದೊಂದೇ ಕೀಳ್ತಾ ಕೂತರು. ಆ ವರ್ಷ ಯುಗಾದಿಗೆ ನಾನು ಮನೆಗೆ ಹೋಗಿದ್ದೆ. ಫೀಸು ಹೇಗಾಯ್ತು ಅಂತ ಕೇಳಿದ್ದಕ್ಕೆ "ಕೊಬ್ಬರಿಗೆ ಒಳ್ಳೇ ರೇಟ್ ಬಂತು" ಅಂದಿದ್ದರು. ಅಟ್ಟ ಹತ್ತಿ ನೋಡೋ ಬುದ್ಧಿ ನನಗಿರಲಿಲ್ಲ.

ಸಂಜೆ ನಾನು ಸ್ನಾನ ಮಾಡಿ ಬರೋಷ್ಟರಲ್ಲಿ ಅಮ್ಮ ರೂಮಿನಲ್ಲಿರಲಿಲ್ಲ. ರಿಸೆಪ್ಷನ್ನಿನ ಮೇಜಿನ ಎದುರು ಕುರ್ಚಿಯಲ್ಲಿ ಕೂತಿದ್ದರು. ಆ ಹುಡುಗ ಬಿಕಾಂ ಮುಗಿಸಿದವನು, ಊರಿನವನೇ, ಮರ್ಯಾದಸ್ಥ. ಕ್ಯಾಲೆಂಡರ್ ತಿರುವಿ 2026ರ ಮಾರ್ಚ್ 19 ತೋರಿಸ್ತಾ ಇದ್ದ.

"ನಾಲ್ಕ್ ರೂಮ್ ಖಾಲಿ ಇತ್ತ್ ಅಮ್ಮ. ಆರೂವರೆ ಸಾವ್ರ ರೇಟ್, ಜಿಎಸ್‌ಟಿ ಬೇರೆ. ನಾಲ್ಕ್ ರೂಮಿಗೆ ಸ್ವಲ್ಪ ಕಮ್ಮಿ ಮಾಡ್ಲಕ್ಕಾ ಅಂದ್ ಓನರ್ ಹತ್ರ ಕೇಂಡ್ ಹೇಳ್ತೆ."

ಅಮ್ಮ ನನ್ನ ಕಡೆ ನೋಡಲಿಲ್ಲ. "ಆರೂವರೆ ಸಾವಿರ ನಾಲ್ಕು ರೂಮಿಗಾ?" ಅಂದರು.

"ಒಂದಕ್ಕೆ."

ಹುಡುಗ ನನ್ನ ಮುಖ ನೋಡಿದ, ಅವನಿಗೆ ಏನೋ ಹೊಳೀತು. ಪಾಪ, ಗಾಬರಿಯಲ್ಲಿ ರೇಟಿಗೆ ಸಮರ್ಥನೆ ಕೊಡೋಕೆ ಶುರುಮಾಡಿದ. ಉಪ್ಪುಗಾಳಿಗೆ ಎಸಿಯ ಹೊರಗಿನ ಪೆಟ್ಟಿಗೆ ಬೇಗ ತುಕ್ಕು ಹಿಡಿಯುತ್ತೆ, ಬಾಗಿಲ ತಿರುಗಣಿ ವರ್ಷವರ್ಷ ಬದಲಾಯಿಸಬೇಕು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ರೂಮು ಖಾಲಿ, ಆದ್ರೂ ಕೆಲಸದವರಿಗೆ ಸಂಬಳ ಕೊಡಲೇಬೇಕು, ಬುಕಿಂಗ್ ಆ್ಯಪ್‌ನವರ ಕಮಿಷನ್ ಬೇರೆ. ಇನ್ನೊಂದು ಹತ್ತು ರೂಮು ಕಟ್ಟಿದ್ರೆ ಸರಿಹೋಗಬಹುದು, ಆದರೆ ಸಿಆರ್‌ಝಡ್ ನಿಯಮ. ಜನ ಕಡಿಮೆ ಇರೋ ಹಳ್ಳಿಗಳ ತೀರದಲ್ಲಿ, ಭರತದ ಗೆರೆಯಿಂದ 200 ಮೀಟರ್ ಒಳಗೆ ಹೊಸದಾಗಿ ಹೋಟೆಲ್ ಕಟ್ಟೋ ಹಾಗಿಲ್ಲ. ಹಳೇ ಮನೆ ಇತ್ತು ಅಂತ ಇದಾದರೂ ಇದೆ. ಎಲ್ಲ ನಿಜವೇ. ನನಗೆ ಆ ಹೊತ್ತಿಗೆ ಒಂದೂ ಉಪಯೋಗಕ್ಕೆ ಬರಲಿಲ್ಲ.

ಅಮ್ಮ ಎಲ್ಲ ಕೇಳಿಸಿಕೊಂಡು, "ಆಯ್ತಪ್ಪ, ಮನೇಲಿ ಮಾತಾಡಿ ಹೇಳ್ತೀನಿ" ಅಂತ ಎದ್ದರು.

ರೂಮಿಗೆ ಬಂದ ಮೇಲೆ ಒಂದು ಗಂಟೆ ಮಾತಿಲ್ಲ. ಬೈದಿದ್ದರೆ ಸುಲಭ ಇತ್ತು. ಊಟಕ್ಕೆ ಕರೆದರೆ ಹಸಿವಿಲ್ಲ. ನಾನು ಬೆಡ್ ಮೇಲೆ, ಅಮ್ಮ ಕಿಟಕಿ ಹತ್ರ. ಕೊನೆಗೆ ಕೇಳಿದರು.

"ಒಟ್ಟು ಎಷ್ಟಾಯ್ತು?"

ಹೇಳಿದೆ. ಬೆರಳಲ್ಲಿ ಏನೋ ಎಣಿಸಿದರು. ಉಂಡೆ ಕೊಬ್ಬರಿಗೆ 2025ರ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ಇತ್ತು. ಮಾರುಕಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಮೇಲೆ ಹೋಗಿತ್ತು, ಆದರೆ ಅಮ್ಮನ ಲೆಕ್ಕ ಯಾವತ್ತೂ ಬೆಂಬಲ ಬೆಲೆಯದ್ದೇ. ಅದು ಇಳಿಯಲ್ಲವಲ್ಲ.

"ಒಂದು ಕ್ವಿಂಟಾಲ್‌ಗೂ ಮೇಲಾಯ್ತಲ್ಲೇ. ಏಳೆಂಟುನೂರು ಕಾಯಿ. ಎರಡು ರಾತ್ರಿ ಮಲಗೋಕೆ."

"ನಿಜ ಹೇಳಿದ್ರೆ ನೀನು ಬರ್ತಿದ್ದೆಯಾ?"

"ಬರ್ತಿರಲಿಲ್ಲ."

"ಮತ್ತೆ?"

"ಅದಕ್ಕೆ ಅವರ ಮುಂದೆ ನನ್ನ ಪೆದ್ದಿ ಮಾಡೋದಾ? ಆ ಹುಡುಗ ಏನಂದ್ಕೊಂಡಿರ್ತಾನೆ? ನಿನ್ನೆ ಆ ಅಕ್ಕನ ಹತ್ರಾನೂ ಸಾವಿರದಿನ್ನೂರು ಅಂದೆ. ಸುಮ್ಮನೆ ನಕ್ಕಳು."

ಇದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ದುಡ್ಡಿನ ವಿಷಯಕ್ಕೆ ಬೈತಾರೆ ಅಂತ ಆರು ವರ್ಷ ಲೆಕ್ಕ ಹಾಕಿದ್ದೆ. ಹೀಗೊಂದು ಕಡೆಯಿಂದ ಬರುತ್ತೆ ಅಂತ ಹೊಳೆದೇ ಇರಲಿಲ್ಲ. "ತಪ್ಪಾಯ್ತು" ಅಂದೆ. ಅಮ್ಮ "ಹ್ಞೂಂ" ಅಂದರು.

ನಾನು ಲೈಟ್ ಆರಿಸೋಕೆ ಹೋದಾಗ ಅಮ್ಮ ದಿಂಬು, ಹೊದಿಕೆ ಎತ್ತಿಕೊಂಡು ಬಾಗಿಲ ಹತ್ರ ನಿಂತಿದ್ದರು.

"ಎಲ್ಲಿಗೆ?"

"ಆರೂವರೆ ಸಾವಿರ ಕೊಟ್ಟು ಒಳಗೆ ಗೋಡೆ ನೋಡ್ತಾ ಮಲಗೋಕಾಗುತ್ತಾ? ಗೋಡೆ ನಮ್ಮನೇಲೂ ಇದೆ."

ವರಾಂಡದ ಎರಡು ಬೆತ್ತದ ಕುರ್ಚಿ ಜೋಡಿಸಿ ಕಾಲು ಚಾಚಿ ಕೂತರು. ನಾನೂ ಚಾಪೆ ಹಾಕ್ಕೊಂಡೆ. ದೂರದಲ್ಲಿ ದೋಣಿಗಳ ದೀಪ, ಒಂದು, ಎರಡು, ಆಮೇಲೆ ಸಾಲಾಗಿ ಏಳೆಂಟು. ಅಲೆ ಕಾಣಿಸ್ತಿರಲಿಲ್ಲ, ಮುರಿದಾಗ ಬಿಳೀ ಗೆರೆ ಮಾತ್ರ. ಅಮ್ಮ ದೀಪ ಎಣಿಸಿ, ಒಂದು ಕಡಿಮೆಯಾದ್ರೆ "ಅದೆಲ್ಲಿ ಹೋಯ್ತು?" ಅಂತ ನನ್ನ ಎಬ್ಬಿಸೋರು. ಹೀಗೆ ಮೂರು ಸಲ. ನಾಲ್ಕೂವರೆಗೆ ಇನ್ನೊಂದು ಸಲ, ಸಮುದ್ರದಲ್ಲಿ ಸೂರ್ಯ ಹುಟ್ಟೋದು ನೋಡೋಣ ಅಂತ. ಇದು ಪಶ್ಚಿಮದ ಕಡಲು, ಸೂರ್ಯ ಬರೋದು ನಮ್ಮ ಬೆನ್ನ ಹಿಂದೆ ಅಂತ ಹೇಳಿದ ಮೇಲೆ, "ಅದಕ್ಕೂ ದುಡ್ಡು ತಗೊಂಡಿಲ್ಲ ತಾನೆ?" ಅಂದರು. ಆಗ ಗೊತ್ತಾಯ್ತು, ಸ್ವಲ್ಪ ಇಳಿದಿದೆ ಅಂತ.

ಬೆಳಗ್ಗೆ ರೂಮು ಬಿಡುವಾಗ ಹಾಸಿಗೆ ಮಡಚಲಿಲ್ಲ, ಕಪ್ಪು ತೊಳೀಲಿಲ್ಲ. ಶಾಂಪೂ, ಸೋಪು, ಬಾಚಣಿಗೆ, ಟೀ ಪ್ಯಾಕೆಟ್ಟು, ಸಕ್ಕರೆ ಪೊಟ್ಟಣ ಒಂದೂ ಬಿಡದೆ ಬ್ಯಾಗಿಗೆ ಹಾಕಿದರು. ಅಕ್ಕ ಒಂದು ಚೀಲದಲ್ಲಿ ಎರಡು ತೆಂಗಿನಕಾಯಿ ಕೊಟ್ಟಳು. ತೆಂಗಿನ ಸೀಮೆಯ ನನ್ನಮ್ಮ ಅದನ್ನ ಎರಡೂ ಕೈಯಲ್ಲಿ ಇಸ್ಕೊಂಡರು. "ಇದನ್ನ ಅಟ್ಟಕ್ಕೆ ಹಾಕ್ತೀನಿ, ಮುಂದಿನ ವರ್ಷ ಗಿಟುಕು ತಂದುಕೊಡ್ತೀನಿ" ಅಂದರು. ಮುಂದಿನ ವರ್ಷ ಅನ್ನೋ ಮಾತನ್ನ ನಾನು ಕೇಳಿಸಿಕೊಂಡೆ, ಏನೂ ಅನ್ನಲಿಲ್ಲ.

ಕುಂದಾಪುರದ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದಾಗ ಚಿಕ್ಕಮ್ಮನ ಫೋನು ಬಂತು. ಸ್ಪೀಕರ್ ಇಲ್ಲದಿದ್ರೂ ಆಕೆಯ ದನಿ ನನಗೆ ಕೇಳಿಸ್ತಿತ್ತು. ಎಂಟಲ್ಲ, ಹತ್ತು ಜನ ಆಗಿದ್ದಾರಂತೆ, ಐದು ರೂಮು ಹೇಳು ಅಂತ.

ಅಮ್ಮ ನನ್ನ ಮುಖ ನೋಡಿದರು.

"ಇಲ್ಲ ಕಣೆ, ಕೇಳ್ದೆ. ಯುಗಾದಿಗೆ ಒಂದು ರೂಮೂ ಖಾಲಿ ಇಲ್ವಂತೆ" ಅಂದರು. "ಸಾವಿರದಿನ್ನೂರು ಅಂದ್ರೆ ಬಿಡ್ತಾರಾ ಜನ?"